ದೊಡ್ಡಕ್ಕನ ಷರಾ

ಒಂದೇ ಮನೆಯಿಂದ ಹೊರಟು, ಒಂದೇ ಬಸ್ಸು ಹತ್ತಿ, ಒಂದೇ ಕಚೇರಿಗೆ ಹೋಗಿ ಕೂರುವ ಅತ್ತೆ-ಸೊಸೆ ಅಂದರೆ ಜನಕ್ಕೆ ಮೊದಲು ನಗು, ಆಮೇಲೆ ಅನುಮಾನ. ಇದೆಲ್ಲ ಎಷ್ಟು ದಿನದ ಸಂಭ್ರಮವೋ ನೋಡೋಣ ಅಂತ ಕಾದು ಕೂತವರು ಆ ಕಚೇರಿಯಲ್ಲಿ ಕಡಿಮೆ ಇರಲಿಲ್ಲ. ಪಾಪ, ಎರಡು ವರ್ಷ ಕಾದರೂ ಅವರಿಗೆ ಏನೂ ದಕ್ಕಲಿಲ್ಲ. ಕೊನೆಗೊಂದು ಜಗಳ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಅದು ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಕಂಪ್ಯೂಟರಿನ ಷರಾ ಕಾಲಮ್ಮಿನಲ್ಲಿ.

ಕಿವಿ ಕೇಳದವರಿಗೆ ಮಷೀನು ಮಾಡಿಕೊಡುವ ಕಂಪನಿ ಅದು. ನಲವತ್ತು ಸಾವಿರ ಗಿರಾಕಿಗಳು. ಮೊದಲ ಮಹಡಿಯಲ್ಲಿ ಅವರ ಫೋನುಗಳಿಗೆ ಉತ್ತರ ಕೊಡುವ ವಿಭಾಗ, ಅಲ್ಲಿ ಬಾಗಿಲ ಪಕ್ಕದ ಮೊದಲ ಕುರ್ಚಿ ಅತ್ತೆಯದು. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ದಿಂಬು. ಇಡೀ ಕಚೇರಿಗೆ ಅವರು ದೊಡ್ಡಕ್ಕ, ಮ್ಯಾನೇಜರಿಗೂ ದೊಡ್ಡಕ್ಕನೇ. ಸೊಸೆಯ ಕೆಲಸ ಎರಡನೇ ಮಹಡಿಯಲ್ಲಿ. ಗಿರಾಕಿಗಳ ಮಾಹಿತಿ ಯಾರ ಕೈಗೂ ಸಿಗದ ಹಾಗೆ ಕಾಯುವುದು ಅವಳ ಹೊಣೆ. ಪರೀಕ್ಷೆ ಬರೆದು ಬಂದ ಕೆಲಸ, ಅತ್ತೆಯ ಶಿಫಾರಸಿನಿಂದಲ್ಲ. ಇದನ್ನು ಅವಳು ಯಾರಿಗೂ ಹೇಳುವ ಅಗತ್ಯವೇ ಬೀಳಲಿಲ್ಲ, ಅವಳಿಗಿಂತ ಮುಂಚೆ ಅತ್ತೆಯೇ ಮೂರೂ ಮಹಡಿಗೆ ಸಾರಿ ಬಂದಿದ್ದರು.

ಸೊಸೆಯದು ಮೆಲುದನಿ. ಹೆಂಡತಿ ಮಾತಾಡುತ್ತಿದ್ದಾಳೋ ಯೋಚಿಸುತ್ತಿದ್ದಾಳೋ ತಿಳಿಯುವುದಿಲ್ಲ ಎಂದು ಶಾಲೆಯಲ್ಲಿ ಗಣಿತ ಹೇಳಿಕೊಡುವ ಅವಳ ಗಂಡ ತಮಾಷೆ ಮಾಡುತ್ತಿದ್ದ. ಅತ್ತೆ ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಕೆಲವು ಮಾತಿಗೆ ಉತ್ತರ ಕೊಡುತ್ತಿದ್ದರು, ಕೆಲವಕ್ಕೆ ಕೊಡುತ್ತಿರಲಿಲ್ಲ. ಮದುವೆಯಾದ ಮೂರನೇ ತಿಂಗಳು, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ಎರಡು ದಿನ ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡು, ಅವಳು ಒಂದು ಮಾತು ಕೇಳಿದ್ದಳು. ತೀರಿಹೋದ ತನ್ನ ಅಮ್ಮನ ಹೊಲಿಗೆ ಯಂತ್ರ ಚಿಕ್ಕಮ್ಮನ ಮನೆಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದೆ, ಅದನ್ನು ತಂದು ಇಲ್ಲಿ ಇಟ್ಟುಕೊಳ್ಳಲೇ ಎಂದು. ಅತ್ತೆ ತಿರುಗಿಯೂ ನೋಡಲಿಲ್ಲ. ತಟ್ಟೆಗಳನ್ನು ಎತ್ತಿಟ್ಟು, ಫ್ಯಾನು ಆರಿಸಿ, ಹೊರಗೆ ಹೋದರು. ಮನೆ ಚಿಕ್ಕದು, ಬೇಡವೆನ್ನಲು ಬಾಯಿ ಬರದೆ ಸುಮ್ಮನಾದರು ಅಂದುಕೊಂಡು ಅವಳು ಆ ಆಸೆಯನ್ನು ಒಳಗೇ ಅದುಮಿಟ್ಟುಕೊಂಡಳು. ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಇನ್ನು ಷರಾ. ಪ್ರತಿ ಗಿರಾಕಿಯ ದಾಖಲೆಯ ಕೊನೆಗೆ ಏನಾದರೂ ಬರೆಯಲೆಂದು ಒಂದು ಖಾಲಿ ಜಾಗ. ಬೇರೆಯವರು ಅಲ್ಲಿ ‘ಬ್ಯಾಟರಿ ಕಳಿಸಿದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಅತ್ತೆ ಬರೆಯುತ್ತಿದ್ದದ್ದೇ ಬೇರೆ. ‘ಇವರ ಯಜಮಾನರು ಮಾರ್ಚಿನಲ್ಲಿ ತೀರಿಕೊಂಡರು, ಅವರನ್ನು ಕೇಳಬೇಡಿ. ಇಷ್ಟೇ.’ ‘ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲಿ, ಆದರೆ ಮೊಮ್ಮಗಳ ಸುದ್ದಿ ಎತ್ತಿದರೆ ಕರಗುತ್ತಾರೆ. ಇಷ್ಟೇ.’ ಪ್ರತಿ ಷರಾದ ಕೊನೆಗೂ ‘ಇಷ್ಟೇ’ ಬೀಳಲೇಬೇಕು. ಹೀಗೆ ಹನ್ನೊಂದು ಸಾವಿರ ಷರಾಗಳು. ಅವರ ಪಾಸ್‌ವರ್ಡು ವಿಭಾಗದ ಏಳು ಜನಕ್ಕೂ ಬಾಯಿಪಾಠ, ಮರೆತವರಿಗೆ ಫೋನಿನ ಬೆನ್ನಿಗೆ ಚೀಟಿಯೂ ಅಂಟಿಸಿತ್ತು.

ಎಡವಟ್ಟಾದದ್ದು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ವಿಷಯದಲ್ಲಿ. ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿ ಬ್ಯಾಟರಿ ಬದಲಿಸಲು ನೆನಪಿಸೋಣವೆಂದು ಅವರ ಮನೆಗೆ ಫೋನ್ ಮಾಡಿದಳು. ಎತ್ತಿಕೊಂಡವರು ಅವರ ಹೆಂಡತಿ. “ಯಾವ ಮಷೀನಮ್ಮ?” ಅಂದರು. ಹುಡುಗಿ ಮಹಾ ಪ್ರಾಮಾಣಿಕಳು. ‘ಮನೆಯಲ್ಲಿ ಹಾಕಿಕೊಳ್ಳುವುದಿಲ್ಲ, ಹೆಂಡತಿಗೆ ಗೊತ್ತಿಲ್ಲ. ಇಷ್ಟೇ’ ಎಂಬ ಅತ್ತೆಯ ಷರಾ ನೋಡಿ, “ಹೌದಮ್ಮ, ನಿಮಗೆ ಗೊತ್ತಿಲ್ಲ ಅಂತಾನೇ ಇಲ್ಲಿ ಬರೆದಿದೆ” ಎಂದುಬಿಟ್ಟಳು.

ಮಾರನೇ ದಿನ ಆ ಹೆಂಗಸು ಮೊದಲ ಮಹಡಿಗೇ ಬಂದರು. “ಎರಡು ವರ್ಷದಿಂದ ನಾನು ಹೇಳಿದ್ದಕ್ಕೆಲ್ಲ ಹೂಂ, ಹೂಂ ಅಂತ ತಲೆ ಆಡಿಸ್ತಿದ್ದಾರೆ. ಎಷ್ಟು ಹೊಂದಿಕೊಂಡರಪ್ಪ ಅಂತ ನಾನು ಖುಷಿಯಾಗಿದ್ದೆ. ಏನೂ ಕೇಳಿಸ್ತಾನೇ ಇರಲಿಲ್ವಾ ಹಾಗಾದರೆ?” ಎಂದು ಶುರು ಮಾಡಿದವರು, ಕುರ್ಚಿಯಲ್ಲಿ ಕುಸಿದು ಅತ್ತೇಬಿಟ್ಟರು. ನಗಲು ಬಾಯಿ ತೆರೆದವರೆಲ್ಲ ಮುಚ್ಚಿಕೊಂಡರು. ಆ ಮನೆಯಲ್ಲಿ ಆಮೇಲೆ ಏನಾಯಿತೋ, ಪೋಸ್ಟ್‌ಮ್ಯಾನು ಮಷೀನು ವಾಪಸ್ ಕಳಿಸಿಬಿಟ್ಟರು. ಅತ್ತೆ ಅದರ ಡಬ್ಬಿಯನ್ನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡು ಕೂತಿದ್ದರು.

ಮ್ಯಾನೇಜರು ಹೆದರಿದರು. ಒಂದು ಷರಾ ಹೊರಬಿದ್ದದ್ದಕ್ಕೆ ಇಷ್ಟು, ನಲವತ್ತು ಸಾವಿರ ಹೊರಬಿದ್ದರೆ ಕಂಪನಿಗೆ ಬೀಗವೇ ಗತಿ. ಸೊಸೆಯನ್ನು ಕರೆದು, ಇನ್ನು ಮನುಷ್ಯರ ಜ್ಞಾಪಕದ ಮೇಲೆ ಬಿಡುವುದು ಬೇಡ, ಕಾಯುವ ಕೆಲಸವನ್ನು ಯಂತ್ರವೇ ತಾನಾಗಿ ಮಾಡುವ ಹಾಗೆ ವ್ಯವಸ್ಥೆ ಮಾಡಿ ಅಂದರು. ಅವಳು ಮಾಡಿದಳು. ಯಂತ್ರ ಒಂದೊಂದೇ ದಾಖಲೆ ಓದುತ್ತದೆ. ಹೆಸರು, ಕಾಯಿಲೆ, ಮನೆಯ ಸಂಗತಿ ಕಂಡಲ್ಲಿ ಕಪ್ಪು ಪಟ್ಟೆ ಎಳೆಯುತ್ತದೆ. ಯಾರಿಗೆ ಯಾವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ, ಆ ಕೆಲಸ ಮುಗಿಯುವವರೆಗೆ ಮಾತ್ರ ತೆರೆದು ತೋರಿಸುತ್ತದೆ. ಯಾರು ಯಾವಾಗ ತೆರೆದರೆಂದು ಬರೆದಿಡುತ್ತದೆ. ಅವಧಿ ಮುಗಿದದ್ದನ್ನು ಯಾರನ್ನೂ ಕೇಳದೆ ಅಳಿಸುತ್ತದೆ. ಜೊತೆಗೆ ಕಚೇರಿಯವರಿಗೆಲ್ಲ ಹತ್ತು ನಿಯಮ. ಹತ್ತನೆಯದನ್ನು ಅವಳು ಮೂರು ಸಲ ತಿದ್ದಿ ಬರೆದಿದ್ದಳು: ಕೆಲಸಕ್ಕೆಂದು ನೋಡಿದ್ದನ್ನು ಬೇರೆ ಯಾವುದಕ್ಕೂ, ಒಳ್ಳೆಯ ಉದ್ದೇಶಕ್ಕೂ ಸಹ, ಬಳಸಬಾರದು. ಬಳಸಿದವರು ಸಂಬಂಧಪಟ್ಟವರಿಗೆ ತಾವೇ ತಿಳಿಸಬೇಕು. ‘ಒಳ್ಳೆಯ ಉದ್ದೇಶಕ್ಕೂ ಸಹ’ ಎಂಬುದನ್ನು ಅತ್ತೆಯನ್ನು ನೆನೆದೇ ಸೇರಿಸಿದ್ದಳು. ಅತ್ತೆಗೂ ಅದು ತಮಗೇ ಎಂದು ತಿಳಿಯಿತು.

ಅವತ್ತು ಊಟಕ್ಕೆ ಕೂತಾಗ ಅತ್ತೆಯ ಮುಖ ಊದಿತ್ತು.

“ಹನ್ನೊಂದು ಸಾವಿರಕ್ಕೂ ಮಸಿ ಬಳೀತೀಯಾ?”

“ಮಸಿ ಅಲ್ಲ ಅತ್ತೆ, ಪರದೆ. ನೀವು ಬರೆದದ್ದು ಒಳ್ಳೇದಕ್ಕೇ. ಓದೋರೆಲ್ಲ ಒಳ್ಳೇದಕ್ಕೇ ಓದ್ತಾರೆ ಅಂತ ಏನಿದೆ?”

“ಸರಿ. ನಾಳೆ ಆ ಮಾರ್ಚಿನ ಹೆಂಗಸು ಫೋನ್ ಮಾಡ್ತಾಳೆ. ನಮ್ಮ ಹುಡುಗಿ ‘ನಿಮ್ಮ ಯಜಮಾನರು ಚೆನ್ನಾಗಿದಾರಾ’ ಅಂತಾಳೆ. ಆಗ ಏನು ಮಾಡತ್ತೆ ನಿನ್ನ ಮಷೀನು? ಅದಕ್ಕೆ ಕಣ್ಣಿದೆ ಕಣೆ, ಕರುಳಿಲ್ಲ.”

ಸೊಸೆ ಏನೋ ಮೆಲ್ಲಗೆ ಹೇಳಿದಳು. ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು. ಗಂಡ ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿ, ತುಟಿ ಪಿಟಕ್ಕೆನ್ನದೆ ಊಟ ಮುಗಿಸಿದ. ಜಾಣ.

ಯಂತ್ರಕ್ಕೂ ಕೆಲವೊಮ್ಮೆ ತೋಚುವುದಿಲ್ಲ. ಇದನ್ನು ಮುಚ್ಚಬೇಕೋ ಬೇಡವೋ ಎಂದು ಅನುಮಾನ ಬಂದವನ್ನೆಲ್ಲ ಒಂದು ಪಟ್ಟಿ ಮಾಡಿ ಸೊಸೆಯ ಮುಂದಿಟ್ಟಿತು. ಇನ್ನೂರ ಹನ್ನೆರಡು ದಾಖಲೆಗಳು. ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಕಪ್ಪು ಪಟ್ಟೆಯ ಕೆಳಗೆ. ಷರಾ ಮಾತ್ರ ತೆರೆದಿತ್ತು. ಒಂದೊಂದನ್ನೇ ಓದಿ ತೀರ್ಮಾನಿಸುತ್ತ ಬಂದವಳು ನೂರ ನಲವತ್ತಮೂರನೆಯದಕ್ಕೆ ಬಂದು ನಿಂತಳು. ಅದು ಸಿಬ್ಬಂದಿಯ ಕಿವಿ ತಪಾಸಣೆಯ ಕಡತ, ತಪಾಸಣೆ ಮಾಡಿಸಿಕೊಂಡವರೇ ಷರಾ ತುಂಬುವಂಥದ್ದು, ಫೋನ್ ವಿಭಾಗದ ಬೇರೆಯವರು ತೆರೆಯುವಂಥದ್ದೇ ಅಲ್ಲ.

‘ತಪಾಸಣೆ ಕೋಣೆಯವರು ಮನೆಗೆ ಫೋನ್ ಮಾಡಬೇಡಿ. ಮಗ ಗಾಬರಿಯಾಗುತ್ತಾನೆ. ಎಡಗಿವಿ ಹೋದಂತೆಯೇ. ಬಲಗಿವಿಯಲ್ಲಿ ಫೋನು ಸ್ಪಷ್ಟ, ಕೆಲಸಕ್ಕೆ ತೊಂದರೆ ಇಲ್ಲ. ಸೊಸೆ ಬಂಗಾರದಂಥವಳು, ಗಂಟಲು ಮಾತ್ರ ಇಲ್ಲ; ಅವಳ ಮಾತು ಅರ್ಧ ತಿಳಿಯುವುದಿಲ್ಲ. ಮತ್ತೆ ಮತ್ತೆ ಏನು ಅಂದರೆ ನೊಂದುಕೊಳ್ಳುತ್ತಾಳೆ ಎಂದು ಸುಮ್ಮನಿರುವುದು. ಇಷ್ಟೇ.’

ಸೊಸೆ ಕೊನೆಯ ಪದವನ್ನು ಮತ್ತೊಮ್ಮೆ ಓದಿದಳು. ಯಂತ್ರ ಹೆಸರನ್ನು ಮುಚ್ಚಿತ್ತು. ಬರೆದವರನ್ನು ಮುಚ್ಚಲು ಅದಕ್ಕೆ ಬಂದಿರಲಿಲ್ಲ.

ಅವಳು ಕಂಪ್ಯೂಟರಿನ ಪರದೆ ಆರಿಸಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಎರಡು ವರ್ಷದ ಉತ್ತರ ಬರದ ಮಾತುಗಳೆಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ಅಡುಗೆಮನೆಯ ಫ್ಯಾನು, ಒರೆಸುತ್ತಿದ್ದ ಪಾತ್ರೆ, ತಿರುಗದ ಬೆನ್ನು. ಅವತ್ತು ಅವಳು ನಿಂತದ್ದು ಅತ್ತೆಯ ಎಡಕ್ಕೆ. ಅವರು ಬೇಡವೆನ್ನಲಿಲ್ಲ, ಅವರಿಗೆ ತಲುಪಲೇ ಇಲ್ಲ! ಓಡಿಹೋಗಿ ಅತ್ತೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಆದರೆ ಹತ್ತನೇ ನಿಯಮ ಬರೆದವಳು ಅವಳೇ. ಅಲ್ಲದೆ ಆ ಕುರ್ಚಿ ಅತ್ತೆಯ ಪ್ರಾಣ. ಫೋನಿಗೆ ಉತ್ತರ ಕೊಡುವವರಿಗೇ ಒಂದು ಕಿವಿ ಇಲ್ಲವೆಂದು ಗೊತ್ತಾದರೆ ಏನಾದೀತೋ ಎಂಬ ಹೆದರಿಕೆಯಿಂದಲೇ ಅವರು ಇದನ್ನು ಮಗನಿಗೂ ಹೇಳದೆ ನುಂಗಿಕೊಂಡಿದ್ದಾರೆ. ಅವಳು ವಾಪಸ್ ಬಂದು ಆ ಷರಾವನ್ನು ಮುಚ್ಚಿದಳು. ಯಾರಿಗೂ ಹೇಳುವುದಿಲ್ಲ, ತನಗೆ ಗೊತ್ತೆಂದೂ ತೋರಿಸಿಕೊಳ್ಳುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಳು.

ಬಾಯಿಯನ್ನೇನೋ ಬಿಗಿಹಿಡಿದಳು. ಕೈಕಾಲು ಕೇಳಬೇಕಲ್ಲ! ಊಟಕ್ಕೆ ಅತ್ತೆಯ ಬಲಕ್ಕೇ ಹೋಗಿ ಕೂರತೊಡಗಿದಳು. ಮಾತಾಡುವ ಮುಂಚೆ ಅಡುಗೆಮನೆಯ ಫ್ಯಾನು ಆರಿಸಿದಳು. ದನಿ ಎತ್ತಿ ಮಾತಾಡಿದಳು, ಗಂಡ ಬೆಚ್ಚಿ, “ಏನಾಯ್ತು, ಯಾರ ಮೇಲೆ ಸಿಟ್ಟು?” ಎಂದು ಕೇಳಿದ. ಬಸ್ಸಿನಲ್ಲಿ ಎಡಸಾಲಿನ ಸೀಟು ಹುಡುಕಿ, ಅತ್ತೆಯನ್ನು ಕಿಟಕಿಗೆ ಕೂರಿಸಿ ತಾನು ಈಚೆ ಕೂತಳು. ಅತ್ತೆ ನೋಡಿಯೂ ನೋಡದವರ ಹಾಗೆ ಇದ್ದರು.

ಕೆಟ್ಟದ್ದು ಕುರ್ಚಿಗಳ ನಕ್ಷೆಯಲ್ಲಿ. ಹಾದುಹೋಗುವವರಿಗೆ ಗಿರಾಕಿಗಳ ವಿವರ ಕಾಣಬಾರದೆಂದು ಮೊದಲ ಮಹಡಿಯ ಮೇಜುಗಳನ್ನೆಲ್ಲ ತಿರುಗಿಸಿ ಹಾಕಬೇಕಿತ್ತು. ನಕ್ಷೆ ಬರೆದವಳು ಸೊಸೆ. ವಿಭಾಗದವರೆಲ್ಲರ ಮುಂದೆ ಮ್ಯಾನೇಜರು ಅದನ್ನು ಬಿಡಿಸಿ ನೋಡಿ ಹುಬ್ಬೇರಿಸಿದರು.

“ಏನು ಮೇಡಂ ಇದು? ದೊಡ್ಡಕ್ಕ ಹತ್ತೊಂಬತ್ತು ವರ್ಷದಿಂದ ಬಾಗಿಲ ಹತ್ತಿರ ಕೂತವರು. ಅವರನ್ನ ಯಾಕೆ ಮೂಲೆಗೆ ತಳ್ಳಿದ್ರಿ? ಅದೂ ಎಡಗಡೆ ಗೋಡೆಗೆ ಅಂಟಿಸಿ?”

“ಅಲ್ಲಿ ಅವರಿಗೆ ಚೆನ್ನಾಗಿ ಕೇ…” ಎಂದವಳು ನಾಲಿಗೆ ಕಚ್ಚಿಕೊಂಡಳು. “ಗಾಳಿ. ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ.”

ಆ ಮೂಲೆಯಲ್ಲಿ ಕಿಟಕಿಯೂ ಇರಲಿಲ್ಲ, ಫ್ಯಾನೂ ಇರಲಿಲ್ಲ. ಎಲ್ಲರೂ ಗೋಡೆಯನ್ನೇ ನೋಡಿದರು. ಅತ್ತೆ ಮಾತ್ರ ಸೊಸೆಯನ್ನು ನೋಡಿದರು. “ಇರಲಿ ಬಿಡಿ, ನನಗೂ ಬಾಗಿಲು ಸಾಕಾಗಿದೆ” ಎಂದು ಮಾತು ತೇಲಿಸಿ, ತಮ್ಮ ದಿಂಬು ಎತ್ತಿಕೊಂಡು ಆ ಗಾಳಿ ಇಲ್ಲದ ಮೂಲೆಗೆ ಹೋಗಿ ಕೂತರು.

ಸಂಜೆ ಬಸ್ಸಿನಲ್ಲಿ ಮೂರು ಸ್ಟಾಪು ದಾಟಿದ ಮೇಲೆ ಅತ್ತೆ, ಕಿಟಕಿಯ ಆಚೆ ನೋಡುತ್ತಲೇ, “ಹೋದ ತಿಂಗಳವರೆಗೂ ಕಿಟಕಿ ಸೀಟಿಗೆ ನನ್ನ ಜೊತೆ ಪೈಪೋಟಿ ಮಾಡ್ತಿದ್ದವಳು ನೀನು” ಅಂದರು.

ಸೊಸೆ ಟಿಕೆಟ್ಟನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು.

“ನನ್ನ ಫೈಲು ಓದಿದೀಯ.”

ಅವಳಿಗೆ ಅಳು ಬಂತು. ಆದರೂ ನಿಯಮ ಬರೆದವಳ ಹಾಗೆ ನೆಟ್ಟಗೆ ಕೂತು ಹೇಳಿದಳು. “ಓದಿದೆ ಅತ್ತೆ. ಅನುಮಾನದ ಪಟ್ಟಿಯಲ್ಲಿತ್ತು, ಓದೋದು ನನ್ನ ಕೆಲಸವಾಗಿತ್ತು. ಹೆಸರು ಮುಚ್ಚಿತ್ತು. ನಿಮ್ಮ ‘ಇಷ್ಟೇ’ ಮುಚ್ಚಿರಲಿಲ್ಲ. ಅಲ್ಲಿಗೇ ಬಿಡಬೇಕಿತ್ತು, ಬಿಡಲಿಲ್ಲ. ನೋಡಿದ್ದನ್ನ ಮನೇಲಿ ಬಳಸಿದೆ, ಬಸ್ಸಲ್ಲಿ ಬಳಸಿದೆ, ಇವತ್ತು ಎಲ್ಲರ ಎದುರಿಗೆ ಬಾಯಿ ಬಿಡೋದರಲ್ಲಿದ್ದೆ. ನಿಯಮದ ಪ್ರಕಾರ ನಾನೇ ನಿಮಗೆ ತಿಳಿಸಬೇಕಿತ್ತು. ನೀವು ಕೇಳೋವರೆಗೂ ಧೈರ್ಯ ಬರಲಿಲ್ಲ. ತಪ್ಪಾಯ್ತು.”

ಅತ್ತೆ ಕಿಟಕಿಯಿಂದ ಇತ್ತ ತಿರುಗಿದರು. ಕಣ್ಣು ಕೆಂಪಾಗಿತ್ತು. ಇದು ಕೋಪವೇ ಎಂದು ಸೊಸೆ ಮುದುಡಿಕೊಂಡಳು. ಕೋಪವೂ ಇತ್ತು. ಮಗನಿಗೆ ಬಚ್ಚಿಟ್ಟದ್ದು ಸೊಸೆಗೆ ಗೊತ್ತಾದರೆ ಯಾವ ಅತ್ತೆಗೆ ತಾನೇ ಹಿತವಾದೀತು? ಆದರೆ ಆ ಕೋಪ ಬಾಯಿಗೆ ಬರುವಷ್ಟರಲ್ಲಿ ನಗೆಯಾಗಿಬಿಟ್ಟಿತು.

“ಗಾಳಿ ಬರತ್ತಂತೆ, ಗಾಳಿ! ಸುಳ್ಳು ಹೇಳೋದಕ್ಕೂ ಒಂದು ಯೋಗ್ಯತೆ ಬೇಕು ಕಣೆ.” ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. “ಆ ಪೋಸ್ಟ್‌ಮ್ಯಾನ್ ವಿಷಯ ನಾನೂ ಹೀಗೇ ಅಲ್ವಾ ಹೊರಗೆ ಹಾಕಿದ್ದು? ಪ್ರೀತಿಗೇ ಬರೆದೆ. ಆ ಮನುಷ್ಯನ ಮಾನ ಹೋಯ್ತು. ಈಗ ನೀನೂ ಪ್ರೀತಿಗೇ ಮಾಡಿದೆ, ನನ್ನದು ಹೋಗೋದರಲ್ಲಿತ್ತು. ಇವತ್ತು ಆ ಮೂಲೇಲಿ ಕೂತಾಗ ಗೊತ್ತಾಯ್ತು ನನಗೆ, ಅವರಿಗೆ ಹೇಗಾಗಿರಬೇಕು ಅಂತ. ಮುಚ್ಚು, ಎಲ್ಲಾನೂ ಮುಚ್ಚು. ನಿನ್ನ ಮಷೀನೇ ಸರಿ.”

“ನೀವು ಹೇಳಿದ್ದೂ ಸರಿ ಅತ್ತೆ. ಮಾರ್ಚಿನ ಹೆಂಗಸಿಗೆ ಆ ಪ್ರಶ್ನೆ ಯಾರೂ ಕೇಳಬಾರದು.”

“ಅದಕ್ಕೇನಂತೆ? ಅವಳನ್ನೇ ಕೇಳೋಣ. ಬರೆದದ್ದು ನಾನು, ಬದುಕು ಅವಳದ್ದು.” ಅತ್ತೆ ಬ್ಯಾಗಿನಿಂದ ಕನ್ನಡಕದ ಡಬ್ಬಿ ತೆಗೆದರು. ಅದರೊಳಗೆ ಕನ್ನಡಕ ಇರಲಿಲ್ಲ. ಹತ್ತಿಯಲ್ಲಿ ಸುತ್ತಿದ ಕಿವಿಯ ಮಷೀನು, ತಮ್ಮ ಕಂಪನಿಯದೇ, ಒಂದೂವರೆ ವರ್ಷದಿಂದ ಹೊಸದಾಗಿಯೇ ಉಳಿದಿತ್ತು. ಎಡಗಿವಿಗೆ ಹಾಕಿಕೊಳ್ಳಲು ಹೋದರು, ಸರಿಯಾಗಿ ಕೂರಲಿಲ್ಲ. ಸೊಸೆ ಕೂದಲು ಹಿಂದಕ್ಕೆ ಸರಿಸಿ ತಾನೇ ಕೂರಿಸಿದಳು.

“ಈಗ ಹೇಳು” ಅಂದರು ಅತ್ತೆ. “ಎರಡು ವರ್ಷದಲ್ಲಿ ನಾನು ಏನೇನು ಕೇಳಿಸಿಕೊಂಡಿಲ್ಲ?”

“ದೊಡ್ಡದೇನಿಲ್ಲ.”

“ಚಿಕ್ಕದನ್ನೇ ಹೇಳು.”

ಅವಳು ಹೊಲಿಗೆ ಯಂತ್ರದ ವಿಷಯ ಹೇಳಿದಳು. ಮೂರೇ ಮಾತಿನಲ್ಲಿ, ಅದೇನು ಮಹಾ ಎಂಬಂತೆ ಹೇಳಿದಳು. ಅತ್ತೆಯ ನಗು ನಿಂತಿತು. “ಅಮ್ಮನದಾ?” ಎಂದಷ್ಟೇ ಕೇಳಿ, ಇಳಿಯುವ ಸ್ಟಾಪು ಬರುವವರೆಗೂ ಅವಳ ಕೈ ಬಿಡಲಿಲ್ಲ.

ಬೆಳಿಗ್ಗೆ ಅತ್ತೆ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಮಷೀನು ಎಲ್ಲರಿಗೂ ಕಾಣುವ ಹಾಗೆ ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದರು. “ನೋಡಿ, ನನಗೆ ಒಂದು ಕಿವಿ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಫೋನು ತಪ್ಪಿಸಿದ್ದರೆ ಹೇಳಿ, ಈಗಲೇ ಏಳ್ತೀನಿ” ಅಂದರು. ಮ್ಯಾನೇಜರು ಕಕ್ಕಾಬಿಕ್ಕಿಯಾಗಿ, “ದೊಡ್ಡಕ್ಕ, ನಾವು ಮಾರೋದೇ ಅದನ್ನ. ನೀವು ಹಾಕ್ಕೊಂಡು ಕೂತರೆ ನಮಗೇ ಮರ್ಯಾದೆ” ಎಂದರಂತೆ. ಒಂದೂವರೆ ವರ್ಷದ ಹೆದರಿಕೆ ಒಂದು ನಿಮಿಷದಲ್ಲಿ ಮುಗಿಯಿತು. ಅಷ್ಟು ಬೇಗ ಮುಗಿದದ್ದಕ್ಕೆ ಅತ್ತೆಗೆ ಸ್ವಲ್ಪ ಬೇಜಾರೂ ಆಯಿತು. ಮಗ ಮಾತ್ರ ಸಂಜೆಯೆಲ್ಲ ಅಮ್ಮನ ಕಿವಿಯನ್ನೇ ನೋಡುತ್ತ ಕೂತಿದ್ದ.

ಅವತ್ತಿನಿಂದ ಯಂತ್ರದಲ್ಲಿ ಹೊಸದೊಂದು ಏರ್ಪಾಡು ಸೇರಿತು. ಪ್ರತಿ ಷರಾ ಮುಚ್ಚಿಯೇ ಇರುತ್ತದೆ. ಅದು ಯಾರ ಬಗ್ಗೆಯೋ ಅವರೇ ಒಪ್ಪಿದರೆ ಮಾತ್ರ, ಅವರೊಡನೆ ಮಾತಾಡುವ ಹೊತ್ತಿಗೆ ಮಾತ್ರ ತೆರೆಯುತ್ತದೆ. ಒಪ್ಪಿಗೆ ಕೇಳುವ ಕೆಲಸ ಅತ್ತೆಯದು. ದಿನಕ್ಕೆ ನಲವತ್ತು ಫೋನು. “ನಿಮ್ಮ ಬಗ್ಗೆ ಹೀಗೆ ಬರೆದುಕೊಂಡಿದ್ದೀನಮ್ಮ. ಇಡಲಾ, ಅಳಿಸಲಾ?” ಕೆಲವರು ಬೈದರು. ಹೆಚ್ಚಿನವರು ಇಡಿ ಅಂದರು. ಮಾರ್ಚಿನ ಹೆಂಗಸು ಇಡಿ ಎಂದು ಹೇಳಿ, ಅರ್ಧ ಗಂಟೆ ಯಜಮಾನರ ಸುದ್ದಿಯನ್ನೇ ಆಡಿದಳು. ಪೋಸ್ಟ್‌ಮ್ಯಾನು, ಹೆಂಡತಿ ಪಕ್ಕದಲ್ಲಿ ನಿಂತು ಕೂಗಿ ಹೇಳಿದ್ದನ್ನು ಕೇಳಿ, ಅಳಿಸಿ ಅಂದರು. ಅತ್ತೆ ಫೋನು ಹಿಡಿದುಕೊಂಡೇ ಅಳಿಸಿ, ಕ್ಷಮೆ ಕೇಳಿದರು. ಆಮೇಲೆ ಅವರು ಹೆಂಡತಿಯ ಜೊತೆಗೇ ಬಂದು ಮಷೀನು ತೆಗೆದುಕೊಂಡು ಹೋದರು.

ಶನಿವಾರ ಅತ್ತೆ ರಜೆ ಹಾಕಿದರು. ಹತ್ತೊಂಬತ್ತು ವರ್ಷದಲ್ಲಿ ಶನಿವಾರ ರಜೆ ಹಾಕಿದವರಲ್ಲ. ಸೊಸೆ ಒಬ್ಬಳೇ ಕಚೇರಿಗೆ ಹೋಗಿ ಮಧ್ಯಾಹ್ನ ವಾಪಸಾದಾಗ ನಡುಮನೆಯ ಕಿಟಕಿಯ ಕೆಳಗಿದ್ದ ಕಪಾಟು ಇರಲಿಲ್ಲ. ಆ ಜಾಗದಲ್ಲಿ, ಬೆಳಕು ನೇರ ಬೀಳುವ ಕಡೆ, ಅವಳ ಅಮ್ಮನ ಹೊಲಿಗೆ ಯಂತ್ರ ಕೂತಿತ್ತು. ಧೂಳು ಒರೆಸಿ ಎಣ್ಣೆ ಹಾಕಿತ್ತು. ಚಿಕ್ಕಮ್ಮನ ಮನೆಯಿಂದ ಹೊತ್ತು ತಂದ ಗಂಡ ಸೊಂಟ ಹಿಡಿದುಕೊಂಡು ಮಲಗಿದ್ದ. ಯಂತ್ರದ ಮೇಲೊಂದು ಚೀಟಿ, ಅತ್ತೆಯ ಅಕ್ಷರ.

‘ಇದು ಸೊಸೆಯ ಅಮ್ಮನದು. ಇದರ ಮೇಲೆ ಯಾರೂ ಸಾಮಾನು ಇಡಬಾರದು. ಇವಳು ಇಲ್ಲಿ ಕೂತಾಗ ಯಾರೂ ಕೆಲಸ ಹೇಳಬಾರದು. ಇಷ್ಟೇ.’

ಅವಳು ಚೀಟಿ ಹಿಡಿದು ನಿಂತೇ ಇದ್ದಳು. ಒಳಗಿನ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಕೂದಲು ಹಿಂದಕ್ಕೆ ಕಟ್ಟಿತ್ತು.

“ನಿನ್ನನ್ನ ಕೇಳದೆ ಬರೆದುಬಿಟ್ಟೆ” ಅಂದರು. “ಇಡಲಾ, ಅಳಿಸಲಾ?”

“ಇಡಿ” ಅಂದಳು. ಮಾತು ಯಾವತ್ತಿಗಿಂತಲೂ ಮೆಲ್ಲಗೆ ಬಂತು. ಅಡುಗೆಮನೆಯ ಫ್ಯಾನು ಬೇರೆ ತಿರುಗುತ್ತಿತ್ತು. ಆದರೂ ಅತ್ತೆಗೆ ಅದು ಕೇಳಿಸಿತು.